ಕಿಣ್ವಕ್ರಿಯೆ: ವೇಗವೋ ದರವೋ?

ವಿಜ್ಞಾನ ಪರಿಭಾಷೆಯನ್ನು ಕುರಿತ ಕನ್ನಡದ ಚರ್ಚೆ ಬಹುಮಟ್ಟಿಗೆ ಸಂಸ್ಕೃತ ಪದವೋ ಅಚ್ಚಗನ್ನಡ ಪದವೋ ಎಂಬ ಆಯ್ಕೆಯ ಸುತ್ತಲೇ ನಡೆದಿದೆ. ಆದರೆ ಪದದ ಮೂಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಆ ಪದವು ವಿದ್ಯಾರ್ಥಿಯನ್ನು ಪರಿಕಲ್ಪನೆಯತ್ತ ಕೊಂಡೊಯ್ಯುತ್ತದೆಯೇ? ಜೀವರಸಾಯನಶಾಸ್ತ್ರದ ಕಿಣ್ವಕ್ರಿಯೆಯ ಅಧ್ಯಯನವು ಇದಕ್ಕೆ ತಕ್ಕ ನಿದರ್ಶನ.

‘ಕಿಣ್ವ’ ಸಾರ್ಥಕವಾದ ಪದ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅದು ಸುರೆಯನ್ನು ಹುದುಗಿಸುವ ದ್ರವ್ಯದ ಹೆಸರು. ‘ಎನ್‌ಜೈಮ್’ ಎಂಬುದರ ಗ್ರೀಕ್ ಮೂಲವೂ ಹುದುಗನ್ನೇ ಸೂಚಿಸುತ್ತದೆ. ‘ರಿಯಾಕ್ಷನ್ ವೆಲಾಸಿಟಿ’ಯನ್ನು ‘ಕ್ರಿಯಾವೇಗ’ ಎಂದಾಗ ಇಂಥ ಹೊಂದಾಣಿಕೆ ಸಿಗುವುದಿಲ್ಲ. ಕನ್ನಡದ ಭೌತಶಾಸ್ತ್ರ ಪಠ್ಯಗಳಲ್ಲಿ ‘ಜವ’ಕ್ಕೆ ದಿಕ್ಕಿನ ಹಂಗಿಲ್ಲ, ‘ವೇಗ’ಕ್ಕೆ ದಿಕ್ಕು ಅನಿವಾರ್ಯ. ಕಿಣ್ವಕ್ರಿಯೆಯಲ್ಲಾದರೋ ಯಾವುದೂ ಒಂದೆಡೆಯಿಂದ ಇನ್ನೊಂದೆಡೆಗೆ ಚಲಿಸುವುದನ್ನು ಅಳೆಯುವುದಿಲ್ಲ. ನಿರ್ದಿಷ್ಟ ಕಾಲದಲ್ಲಿ ಎಷ್ಟು ವಸ್ತು ಮಾರ್ಪಟ್ಟಿತು ಎಂಬುದನ್ನಷ್ಟೇ ಅಳೆಯುತ್ತಾರೆ. ಅದು ದರ.

ಈ ಗೊಂದಲಕ್ಕೆ ಚಾರಿತ್ರಿಕ ಹಿನ್ನೆಲೆಯಿದೆ. ಲಿಯೊನೋರ್ ಮೈಕೇಲಿಸ್ ಮತ್ತು ಮಾಡ್ ಮೆಂಟನ್ 1913ರಲ್ಲಿ ತಮ್ಮ ಪ್ರಸಿದ್ಧ ಪ್ರಬಂಧವನ್ನು ಪ್ರಕಟಿಸಿದ್ದು ಜರ್ಮನ್ ಭಾಷೆಯಲ್ಲಿ. ಜರ್ಮನ್ನಿನ ‘ಗೆಶ್ವಿಂಡಿಗ್‌ಕೈಟ್’ ಜವ, ವೇಗ ಎರಡನ್ನೂ ಒಳಗೊಳ್ಳುವ ಪದ. ರಾಸಾಯನಿಕ ಕ್ರಿಯೆಯ ದರಕ್ಕೂ ಅದೇ ಪದ ಸಲ್ಲುತ್ತದೆ. ಇಂಗ್ಲಿಷಿನಲ್ಲಿ ‘ವೆಲಾಸಿಟಿ’ ರೂಢಿಗೆ ಬಂದಿತು. ಕನ್ನಡವು ಆ ರೂಢಿಯನ್ನು ಪರಿಶೀಲಿಸದೆ ಅನುಸರಿಸಬೇಕಾಗಿಲ್ಲ.

ಆ ಪ್ರಬಂಧದ ಪ್ರಯೋಗವನ್ನು ಸರಳ ಕನ್ನಡದಲ್ಲಿ ವಿವರಿಸುವುದು ಅಸಾಧ್ಯವೇನಲ್ಲ. ಇನ್ವರ್ಟೇಸ್ ಎಂಬ ಕಿಣ್ವವು ಕಬ್ಬಿನ ಸಕ್ಕರೆಯನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್‌ಗಳಾಗಿ ಒಡೆಯುತ್ತದೆ. ಸಕ್ಕರೆಯ ಸಾರತೆಯನ್ನು ಹೆಚ್ಚಿಸಿದಂತೆ ಕ್ರಿಯೆಯ ದರವೂ ಮೊದಮೊದಲು ಹೆಚ್ಚುತ್ತದೆ. ಆದರೆ ಕಿಣ್ವದ ಅಣುಗಳೆಲ್ಲ ಕೆಲಸದಲ್ಲಿ ತೊಡಗಿದ ಮೇಲೆ ಸಕ್ಕರೆಯನ್ನು ಎಷ್ಟು ಸೇರಿಸಿದರೂ ದರ ಏರುವುದಿಲ್ಲ. ಈ ಗರಿಷ್ಠ ದರದ ಅರ್ಧವನ್ನು ಮುಟ್ಟಲು ಬೇಕಾದ ಸಾರತೆಯೇ ಮೈಕೇಲಿಸ್ ಸ್ಥಿರಾಂಕ. ಅದರ ಮಾನ ಸಾರತೆಯದು, ದರದ್ದಲ್ಲ. ‘ವೇಗಸ್ಥಿರಾಂಕ’ದಂತಹ ಹೆಸರಿಟ್ಟರೆ ಈ ಭೇದವೇ ಅಳಿಸಿಹೋಗುತ್ತದೆ.

ಆಡುಮಾತಿನಲ್ಲಿ ‘ಕೆಲಸದ ವೇಗ’ ಎನ್ನುವಾಗ ದಿಕ್ಕಿನ ಪ್ರಶ್ನೆ ಏಳುವುದಿಲ್ಲವಲ್ಲ ಎಂಬ ಆಕ್ಷೇಪ ಸಾಧುವೇ. ಜನಪ್ರಿಯ ಬರಹದಲ್ಲಿ ‘ವೇಗ’ ಇರಲಿ. ಆದರೆ ಒಂದೇ ವಿದ್ಯಾರ್ಥಿ ಒಂದೇ ವರ್ಷ ಎರಡು ಪಠ್ಯಗಳಲ್ಲಿ ಒಂದೇ ಪದವನ್ನು ಎರಡು ಅರ್ಥಗಳಲ್ಲಿ ಕಲಿಯಬೇಕಾದಾಗ, ವಿಷಯ ತಿಳಿಯದ್ದಕ್ಕೆ ಆತ ತನ್ನ ಬುದ್ಧಿಯನ್ನೋ ಕನ್ನಡವನ್ನೋ ದೂರುತ್ತಾನೆ. ಪಠ್ಯದ ಪದವನ್ನು ದೂರುವುದಿಲ್ಲ. ‘ಕ್ರಿಯಾದರ’ ಈ ತೊಡಕನ್ನು ನಿವಾರಿಸಬಲ್ಲದು.

ಮೈಕೇಲಿಸ್–ಮೆಂಟನ್ ಪ್ರಬಂಧದ ಸಂಪೂರ್ಣ ಇಂಗ್ಲಿಷ್ ಅನುವಾದವೊಂದು 2011ರಲ್ಲಿ ಪ್ರಕಟವಾಯಿತು. ಅನುವಾದಕರಾದ ರೋಜರ್ ಗೂಡಿ ಮತ್ತು ಕೆನೆತ್ ಜಾನ್ಸನ್ ಸ್ವತಃ ವಿಜ್ಞಾನಿಗಳು. ಅವರು ಮೂಲದ ದತ್ತಾಂಶಗಳನ್ನು ಮತ್ತೆ ಲೆಕ್ಕಹಾಕಿ ಪರಿಶೀಲಿಸಿದರು. ಅನುವಾದವೂ ಸಂಶೋಧನೆಯೇ ಎಂಬುದಕ್ಕೆ ಇದು ಸಾಕ್ಷಿ. ಕನ್ನಡದ ಪರಿಭಾಷಾ ನಿರ್ಮಾಣವೂ ಭಾಷಾವಿಭಾಗದ ಏಕಾಂತದಲ್ಲಿ ನಡೆಯದೆ, ವಿಜ್ಞಾನದ ಅಧ್ಯಾಪಕರ ಜೊತೆಗೂಡಿ ನಡೆಯಬೇಕಾಗಿದೆ. ಕೋಶದಲ್ಲಿ ಪದವನ್ನು ಸೇರಿಸುವ ಮುನ್ನ ಅದನ್ನು ಬಳಸಿ ಒಂದು ಪುಟದ ಪಾಠ ಬರೆದು ನೋಡುವುದು ಅದರ ಮೊದಲ ಹೆಜ್ಜೆಯಾಗಬಹುದು.