ಸಿಎ ಫೈನಲ್, ಕ್ಯಾಟ್ ಮತ್ತು ಆರು ತಿಂಗಳ ಬಾಡಿಗೆ



ಸ್ವಲ್ಪ ಉದ್ದದ ಪೋಸ್ಟ್. ಪುರುಸೊತ್ತಾದಾಗ ಓದಿ. ಮನೇಲಿ, ಕೇರೀಲಿ ಕಾಮರ್ಸ್ ಓದ್ತಿರೋ ಮಕ್ಕಳಿದ್ದರೆ ಅವರಿಗೂ ಕಳಿಸಿ.

ಮೊನ್ನೆ ರಾತ್ರಿ ಹನ್ನೊಂದೂವರೆಗೆ ನಮ್ಮ ಕಡೆಯ ಹುಡುಗಿಯೊಬ್ಬಳು ವಾಟ್ಸಾಪ್ ಮಾಡಿದಳು. "ಅಣ್ಣಾ, ಜನವರಿಗೆ ಸಿಎ ಫೈನಲ್. ನವೆಂಬರ್‌ನಲ್ಲಿ ಕ್ಯಾಟ್ ಕೂಡ ಬರೀಬೇಕು ಅಂತಿದ್ದೀನಿ. ಎರಡೂ ಒಟ್ಟಿಗೆ ಆಗುತ್ತಾ?"

ಹೆಸರು ಬರೆಯಲ್ಲ. ಅವಳ ಅಮ್ಮ ಗಾರ್ಮೆಂಟ್ಸ್‌ಗೆ ಹೋಗ್ತಾರೆ. ಅವಳು ಹತ್ತನೇ ಕ್ಲಾಸಿನ ತನಕ ಕನ್ನಡ ಮಾಧ್ಯಮ, ಆಮೇಲೆ ಸರ್ಕಾರಿ ಹಾಸ್ಟೆಲ್‌ನಲ್ಲಿದ್ದುಕೊಂಡು ಬಿ.ಕಾಂ. ಅಲ್ಲಿಂದ ನೇರವಾಗಿ ಸಿಎ ಇಂಟರ್‌ಮೀಡಿಯೆಟ್‌ಗೆ ಹೋಗಿ, ಅದನ್ನ ದಾಟಿ, ಎರಡು ವರ್ಷ ಆರ್ಟಿಕಲ್‌ಶಿಪ್ ಮುಗಿಸಿದ್ದಾಳೆ. ನಮ್ಮ ಊರಿನ ಮಟ್ಟಿಗೆ ಇಷ್ಟು ದೂರ ಬಂದ ಮೊದಲನೆಯವಳು. ನಾನೂ ಬಿ.ಕಾಂ. ಮಾಡಿದವನೇ. ನಾನು ಸಿಎ ಬಗ್ಗೆ ಕೇಳಿದಾಗ ನಮ್ಮ ಲೆಕ್ಚರರ್ ಒಬ್ಬರು "ಅದೆಲ್ಲ ನಿಮಗ್ಯಾಕಯ್ಯ, ಯಾವುದಾದ್ರೂ ಬ್ಯಾಂಕ್ ಕ್ಲರ್ಕ್ ಪರೀಕ್ಷೆ ಬರಿ" ಅಂದಿದ್ರು. ನಾನು ಅದನ್ನೂ ಬರೀಲಿಲ್ಲ, ಧರಣಿ ಕೂತ್ಕೊಂಡೆ. ಅದಿರಲಿ.

ಗೊತ್ತಿಲ್ಲದವರಿಗೆ ಎರಡು ಮಾತು. ಕ್ಯಾಟ್ ಅಂದ್ರೆ ಐಐಎಂಗಳಿಗೆ ಸೇರೋ ಪ್ರವೇಶ ಪರೀಕ್ಷೆ. ವರ್ಷಕ್ಕೆ ಒಂದೇ ಸಲ, ಸಾಮಾನ್ಯವಾಗಿ ನವೆಂಬರ್ ಕೊನೆಗೆ. ಸಿಎ ಫೈನಲ್ ಈಗ 2025ರಿಂದ ವರ್ಷಕ್ಕೆ ಮೂರು ಸಲ: ಜನವರಿ, ಮೇ, ಸೆಪ್ಟೆಂಬರ್. ಅಂದ್ರೆ ಕ್ಯಾಟ್ ಮುಗಿದ ಐದಾರು ವಾರಕ್ಕೆ ಸಿಎ ಫೈನಲ್ ಬಂದು ನಿಲ್ಲುತ್ತೆ.

ಅವಳಿಗೆ ಉತ್ತರ ಬರೆಯೋ ಮುಂಚೆ ನಾನು ಯೂಟ್ಯೂಬ್‌ನಲ್ಲಿ ಒಂದಷ್ಟು ವಿಡಿಯೋ ನೋಡಿದೆ. ಎಲ್ಲ ಕಡೆ ಒಂದೇ ಮಾತು. ಬೆಳಗ್ಗೆ ನಾಲ್ಕಕ್ಕೆ ಏಳಿ, ಎರಡು ಗಂಟೆ ಕ್ಯಾಟ್, ಎಂಟು ಗಂಟೆ ಸಿಎ, ಭಾನುವಾರ ಮಾಕ್ ಟೆಸ್ಟ್, ಮೊಬೈಲ್ ದೂರ ಇಡಿ. ಇವರ ಮೇಲೆ ನನಗೆ ಕೋಪವೇನಿಲ್ಲ. ಆದ್ರೆ ಈ ಟೈಂಟೇಬಲ್ ಮಾಡಿದವರು ಒಂದು ಪ್ರಶ್ನೆ ಕೇಳೋದೇ ಇಲ್ಲ: ಆ ಹೊತ್ತಲ್ಲಿ ಅನ್ನ ಹಾಕೋರು ಯಾರು? ಮೊಬೈಲ್ ದೂರ ಇಡಿ ಅಂತಾರೆ, ಅವಳ ಹತ್ರ ಲ್ಯಾಪ್‌ಟಾಪೇ ಇಲ್ಲ. ಕಂಪ್ಯೂಟರ್ ಮೇಲೆ ಬರೆಯೋ ಪರೀಕ್ಷೆಯ ಮಾಕ್ ಟೆಸ್ಟನ್ನ ಅವಳು ಮೊಬೈಲ್‌ನಲ್ಲೇ ಬರೀತಾಳೆ.

ಈಗ ಆರು ತಿಂಗಳ ವಿಷಯಕ್ಕೆ ಬರ್ತೀನಿ. ಸಿಎಯ ಹೊಸ ಪದ್ಧತಿಯಲ್ಲಿ ಆರ್ಟಿಕಲ್‌ಶಿಪ್ಪನ್ನ ಮೂರು ವರ್ಷದಿಂದ ಎರಡಕ್ಕೆ ಇಳಿಸಿದ್ದಾರೆ. ಒಳ್ಳೇದೇ. ಆದ್ರೆ ಅದು ಮುಗಿದ ಮೇಲೆ ಆರು ತಿಂಗಳು ಕಳೆದೇ ಫೈನಲ್ ಬರೀಬೇಕು. ಓದೋಕೆ ಅಂತ ಕೊಟ್ಟ ಸಮಯ ಅದು. ಮುಂಚೆ ಆರ್ಟಿಕಲ್‌ಶಿಪ್‌ನ ಕೊನೇ ತಿಂಗಳುಗಳಲ್ಲೇ ಬರೆಯೋಕೆ ಅವಕಾಶ ಇತ್ತು. ಉಳ್ಳವರ ಮನೆಯಲ್ಲಿ ಈ ಆರು ತಿಂಗಳಿಗೆ "ಸ್ಟಡಿ ಲೀವ್" ಅಂತಾರೆ. ನಮ್ಮ ಮನೆಯಲ್ಲಿ "ಕೆಲಸ ಬಿಟ್ಟು ಕೂತಿದ್ದಾಳೆ" ಅಂತಾರೆ. ಸ್ಟೈಪೆಂಡ್ ಅನ್ನೋದು ಮೊದಲೇ ಪಿಜಿ ಬಾಡಿಗೆಗೂ ಸಾಲ್ತಿರಲಿಲ್ಲ, ಈಗ ಅದೂ ನಿಂತಿದೆ. ಕೋಚಿಂಗ್‌ನವರು "ನಿಮ್ಮ ಹತ್ರ ಆರು ತಿಂಗಳು ಖಾಲಿ ಇದೆ, ಕ್ಯಾಟ್ ಕೂಡ ಮಾಡ್ಬಿಡಿ" ಅನ್ನೋದು ಕರೆಕ್ಟಾಗಿ ಇದೇ ಹೊತ್ತಲ್ಲಿ. ಖಾಲಿ ಇರೋದು ಸಮಯ ಅಲ್ಲ ಸ್ವಾಮಿ, ಜೇಬು.

ಜೊತೆಗೆ ಹೆಣ್ಣುಮಗು. "ಇನ್ನೂ ಎಷ್ಟು ವರ್ಷ ಓದ್ತಾಳೆ" ಅನ್ನೋ ಮಾತು ಊರಲ್ಲಿ ಶುರುವಾಗಿದೆ. ಒಂದು ಸಲ ಫೇಲ್ ಆದ್ರೆ ಉಳ್ಳವರಿಗೆ ಅದು ಒಂದು ಅಟೆಂಪ್ಟ್. ಇವಳಿಗೆ ಅದು ಒಂದು ಮದುವೆ ಮಾತುಕತೆ.

ನಾನು ಅವಳಿಗೆ ಹೇಳಿದ್ದು ಇದು: ಎರಡೂ ಮಾಡು, ಆದ್ರೆ ಈ ಆರು ತಿಂಗಳು ಸಿಎಗೆ ಮಾತ್ರ ಕೊಡು. ಯಾಕೆ ಅಂತ ಇಲ್ಲೂ ಬರೀತೀನಿ.

ಎರಡೂ ಪರೀಕ್ಷೆ "ಲೆಕ್ಕ"ದ್ದೇ ಅಲ್ವಾ, ಒಂದಕ್ಕೆ ಓದಿದ್ರೆ ಇನ್ನೊಂದಕ್ಕೂ ಆಗುತ್ತೆ ಅಂತ ಬಹಳ ಜನ ಅಂದ್ಕೊಂಡಿದ್ದಾರೆ. ಆಗಲ್ಲ. ಸಿಎ ಫೈನಲ್‌ನಲ್ಲಿ ಎರಡು ಗುಂಪು, ಆರು ಪತ್ರಿಕೆ: ಹಣಕಾಸು ವರದಿ, ಹಣಕಾಸು ನಿರ್ವಹಣೆ, ಆಡಿಟಿಂಗ್, ನೇರ ತೆರಿಗೆ, ಪರೋಕ್ಷ ತೆರಿಗೆ, ಕೊನೆಗೆ ಪುಸ್ತಕ ತೆರೆದಿಟ್ಟು ಬರೆಯೋ ಒಂದು ಪತ್ರಿಕೆ. ಪ್ರತಿ ಪತ್ರಿಕೆಯಲ್ಲೂ 40, ಗುಂಪಿನ ಒಟ್ಟಿನಲ್ಲಿ ಶೇ. 50 ಬೇಕು. ಅಂಕದಲ್ಲಿ ಶೇ. 70 ಭಾಗ ಕೈಯಲ್ಲಿ ಬರೆದೇ ಗಳಿಸಬೇಕು. ಕ್ಯಾಟ್‌ನಲ್ಲಿ ಇದ್ಯಾವುದೂ ಇಲ್ಲ. ಅಲ್ಲಿರೋದು ಹೈಸ್ಕೂಲು ಮಟ್ಟದ ಗಣಿತ, ಒಗಟಿನಂಥ ತರ್ಕ, ಇಂಗ್ಲಿಷ್ ಓದು. ಮೂರು ಭಾಗ, ಒಂದೊಂದಕ್ಕೆ 40 ನಿಮಿಷ. ಸರಿ ಉತ್ತರಕ್ಕೆ ಮೂರು, ಆಯ್ಕೆ ಪ್ರಶ್ನೆ ತಪ್ಪಾದ್ರೆ ಒಂದು ಕಟ್.

ಇಲ್ಲೊಂದು ಸೂಕ್ಷ್ಮ ಇದೆ. ಸಿಎ ಓದು ನಿಮಗೆ ಯಾವ ಪ್ರಶ್ನೆಯನ್ನೂ ಬಿಡಬೇಡ, ಗೊತ್ತಿದ್ದಷ್ಟು ಬರಿ, ಹೆಜ್ಜೆಗೂ ಅಂಕ ಇದೆ ಅಂತ ಕಲಿಸುತ್ತೆ. ಕ್ಯಾಟ್ ಬಿಡೋದನ್ನ ಕಲಿಸುತ್ತೆ. ಯಾವ ಪ್ರಶ್ನೆಗೆ ಕೈ ಹಾಕಬಾರದು ಅಂತ ಅರ್ಧ ನಿಮಿಷದಲ್ಲಿ ತೀರ್ಮಾನ ಮಾಡಿದವರು ಗೆಲ್ತಾರೆ. ಒಂದೇ ತಿಂಗಳಲ್ಲಿ ಬೆಳಗ್ಗೆ ಒಂದು ಅಭ್ಯಾಸ, ಸಂಜೆ ಅದರ ತದ್ವಿರುದ್ಧ ಅಭ್ಯಾಸ ಮಾಡಿದ್ರೆ ಎರಡೂ ಕೆಡುತ್ತೆ. ಇದು ನನ್ನ ಮಾತಲ್ಲ, ಸಿಎ ಮುಗಿಸಿ ಆಮೇಲೆ ಎಂಬಿಎ ಮಾಡಿದ ನಮ್ಮ ಸಂಗಾತಿಯೊಬ್ಬರು ಹೇಳಿದ್ದು.

ಇನ್ನೊಂದು. ಎರಡೂ ಗುಂಪು ಒಟ್ಟಿಗೆ ಬರೆದ್ರೆ ಒಂದರಲ್ಲಿ ಹೆಚ್ಚು ಬಂದ ಅಂಕ ಇನ್ನೊಂದರ ಕೊರತೆಯನ್ನ ತುಂಬುತ್ತೆ. ಕ್ಯಾಟ್‌ಗೋಸ್ಕರ ಒಂದು ಗುಂಪನ್ನ ಮೇ ತಿಂಗಳಿಗೆ ತಳ್ಳಿದ್ರೆ ಆ ಅನುಕೂಲ ಹೋಯ್ತು, ಸಂಬಳವಿಲ್ಲದ ನಾಲ್ಕು ತಿಂಗಳು ಸೇರ್ಕೊಳ್ತು.

ಹಾಗಾದ್ರೆ ಕ್ಯಾಟ್‌ನ ಪೂರ್ತಿ ಬಿಡಬೇಕಾ? ಒಂದನ್ನ ಬಿಡಬೇಡ ಅಂದೆ: ಓದು. ನಮ್ಮ ಮಕ್ಕಳು ಗಣಿತಕ್ಕೆ ಹೆದರಲ್ಲ. ಎಡವೋದು ಇಂಗ್ಲಿಷ್‌ನ ಉದ್ದುದ್ದ ಪ್ಯಾರಾಗಳಲ್ಲಿ. ತತ್ವಶಾಸ್ತ್ರ, ಅರ್ಥಶಾಸ್ತ್ರ, ಮಾನವಶಾಸ್ತ್ರ ಅಂತ ಬರೋ ಆ ಪ್ಯಾರಾಗಳು ಮನೆಯಲ್ಲಿ ಇಂಗ್ಲಿಷ್ ಪೇಪರ್ ತರಿಸೋ ಮಕ್ಕಳಿಗೆ ಬೆಳಗಿನ ಕಾಫಿ ಇದ್ದಂಗೆ. ಕ್ಯಾಟ್ ಇರೋದು ಇಂಗ್ಲಿಷ್‌ನಲ್ಲಿ ಮಾತ್ರ. ಸಿಎಯನ್ನ ಇಂಗ್ಲಿಷ್ ಇಲ್ಲಾ ಹಿಂದಿಯಲ್ಲಿ ಬರೀಬಹುದು, ಕನ್ನಡದಲ್ಲಿ ಬರೆಯೋ ಹಾಗಿಲ್ಲ. (ಇದರ ಬಗ್ಗೆ ಕನ್ನಡಪರ ಹೋರಾಟಗಾರರು ಯಾಕೆ ಬಾಯಿ ಬಿಡಲ್ಲ ಅನ್ನೋದು ಬೇರೆ ಪೋಸ್ಟ್.) ಅದಕ್ಕೇ ದಿನಕ್ಕೆ ಮುಕ್ಕಾಲು ಗಂಟೆ ಬಾಬಾಸಾಹೇಬರ ಇಂಗ್ಲಿಷ್ ಬರಹ ಓದು ಅಂದೆ. ಸರ್ಕಾರವೇ ಪ್ರಕಟಿಸಿದ ಸಂಪುಟಗಳು ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗ್ತವೆ. ವಾದವನ್ನ ಕಟ್ಟೋದು, ಎದುರಾಳಿಯ ಮಾತನ್ನ ಮೊದಲು ಅವನ ಬಾಯಿಂದಲೇ ಹೇಳಿಸಿ ಆಮೇಲೆ ಮುರಿಯೋದು, ಕ್ಯಾಟ್‌ನ ಪ್ರಶ್ನೆಗಳು ಕೇಳೋದೂ ಇದನ್ನೇ.

ಬಾಬಾಸಾಹೇಬರ ಹೆಸರು ಬಂತಲ್ಲ. ಅವರನ್ನ ನಾವು ಸಂವಿಧಾನದ ಪುಸ್ತಕ ಹಿಡಿದ ಪ್ರತಿಮೆಯಲ್ಲಿ ಮಾತ್ರ ನೋಡ್ತೀವಿ. ಆದ್ರೆ ಒಂದು ಕಡೆ ಪದವಿ, ಇನ್ನೊಂದು ಕಡೆ ವೃತ್ತಿಪರೀಕ್ಷೆ ಅಂತ ಎರಡನ್ನೂ ಹೊತ್ತವರು ಅವರು. 1916ರಲ್ಲಿ ಲಂಡನ್‌ಗೆ ಹೋಗಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲೂ ಸೇರಿದ್ರು, ವಕೀಲಿಕೆಗೆ ಗ್ರೇಸ್ ಇನ್‌ನಲ್ಲೂ ಸೇರಿದ್ರು. ಮರುವರ್ಷವೇ ಎರಡನ್ನೂ ಅರ್ಧಕ್ಕೆ ಬಿಟ್ಟು ವಾಪಸ್ ಬಂದ್ರು. ಬುದ್ಧಿ ಸಾಲದೆ ಅಲ್ಲ. ಬರೋಡಾದ ವಿದ್ಯಾರ್ಥಿವೇತನದ ಅವಧಿ ಮುಗೀತು. ಬರೋಡಾದಲ್ಲಿ ಕೆಲಸ ಇತ್ತು, ಇರೋಕೆ ಮನೆ ಸಿಗಲಿಲ್ಲ. ಮುಂಬೈನಲ್ಲಿ ಹೂಡಿಕೆ ಸಲಹೆಯ ವ್ಯವಹಾರ ಶುರು ಮಾಡಿದ್ರು. ಅಸ್ಪೃಶ್ಯರು ಅಂತ ಗೊತ್ತಾಗಿದ್ದೇ ತಡ, ಗಿರಾಕಿಗಳು ಬರೋದು ನಿಲ್ಲಿಸಿದ್ರು. ನೂರು ವರ್ಷದ ಹಿಂದೆ ಈ ದೇಶದ ಹಣಕಾಸು ಪೇಟೆ ನಮ್ಮವರಿಗೆ ಬಾಗಿಲು ಹಾಕಿದ್ದು ಹೀಗೆ. 1918ರಲ್ಲಿ ಸಿಡ್ನಮ್ ಕಾಮರ್ಸ್ ಕಾಲೇಜಿನಲ್ಲಿ ಪಾಠ ಮಾಡಿದ್ರು, ದುಡ್ಡು ಕೂಡಿಟ್ರು, ಶಾಹು ಮಹಾರಾಜರ ನೆರವು, ಪಾರ್ಸಿ ಸ್ನೇಹಿತರೊಬ್ಬರ ಸಾಲ ಸೇರಿಸಿಕೊಂಡು 1920ರಲ್ಲಿ ಮತ್ತೆ ಹಡಗು ಹತ್ತಿದ್ರು. 1923ರ ಹೊತ್ತಿಗೆ ಬ್ಯಾರಿಸ್ಟರ್ ಕೂಡ ಆಗಿದ್ರು, ರೂಪಾಯಿಯ ಸಮಸ್ಯೆಯ ಮೇಲೆ ಡಿ.ಎಸ್ಸಿ. ಕೂಡ ಪಡೆದಿದ್ರು.

ಹದಿನೆಂಟು ಗಂಟೆ ಓದಿದ್ರು ಅಂತ ಭಾಷಣದಲ್ಲಿ ಹೇಳ್ತೀವಿ. ನಡುವೆ ಮೂರು ವರ್ಷ ನಿಲ್ಲಿಸಿ ದುಡಿದ್ರು ಅನ್ನೋದನ್ನ ಮಕ್ಕಳಿಗೆ ಹೇಳಲ್ಲ. ಹೇಳಿ. ಅರ್ಧಕ್ಕೆ ನಿಲ್ಲಿಸಿ ಮತ್ತೆ ಹಿಡಿಯೋದು ಸೋಲು ಅಂತ ಆ ಹುಡುಗಿ ಅಂದ್ಕೊಂಡಿದ್ದಳು.

ಆದ್ರೆ ನನ್ನ ಉತ್ತರ ತಡವರಿಸಿದ್ದು ಒಂದು ಕಡೆ. ಪ್ರಾಮಾಣಿಕವಾಗಿ ಹೇಳಿಬಿಡ್ತೀನಿ. ಐಐಎಂ ಬೆಂಗಳೂರು, ಅಹಮದಾಬಾದ್‌ಗಳಲ್ಲಿ ಎರಡು ವರ್ಷದ ಫೀಸು ಇಪ್ಪತ್ತು ಲಕ್ಷ ದಾಟಿದೆ. ಎಸ್‌ಸಿ ಮಕ್ಕಳಿಗೆ ಕೇಂದ್ರದ ಟಾಪ್ ಕ್ಲಾಸ್ ವಿದ್ಯಾರ್ಥಿವೇತನ ಅಂತ ಒಂದಿದೆ, ಐಐಎಂಗಳೂ ಅದರ ಪಟ್ಟಿಯಲ್ಲಿವೆ, ಆಯ್ಕೆಯಾದವರ ಬೋಧನಾ ಶುಲ್ಕ ಅದೇ ನೋಡ್ಕೊಳ್ಳುತ್ತೆ. ಕುಟುಂಬದ ವಾರ್ಷಿಕ ಆದಾಯ ಎಂಟು ಲಕ್ಷದ ಒಳಗಿರಬೇಕು. ಈಗ ಲೆಕ್ಕ ಹಾಕಿ. ಅವಳು ಮೊದಲು ಸಿಎ ಮುಗಿಸಿ ಕೆಲಸಕ್ಕೆ ಸೇರಿ ಒಂದೆರಡು ವರ್ಷ ಬಿಟ್ಟು ಐಐಎಂಗೆ ಹೋದ್ರೆ, ಅವಳ ಸಂಬಳ, ಅಮ್ಮನ ಸಂಬಳ ಸೇರಿ ಆ ಗೆರೆ ದಾಟಿಬಿಡಬಹುದು. ಆಗ ಉಳಿಯೋದು ಸಾಲ. ಅಡಮಾನ ಇಲ್ಲದೆ ಸಾಲ ಸಿಗುತ್ತೆ ನಿಜ, ಸಾಲ ಸಾಲವೇ. ಈಗಲೇ ಕ್ಯಾಟ್ ಆದ್ರೆ ಆದಾಯ ಕಡಿಮೆ, ಸ್ಕಾಲರ್‌ಶಿಪ್‌ಗೆ ದಾರಿ ಇದೆ, ಆದ್ರೆ ಸಿಎ ಕೈತಪ್ಪೋ ಅಪಾಯ.

ನಾನು ಸಿಎ ಕಡೆಗೇ ವಾಲಿದೆ. ಕ್ಯಾಟ್ ಅಂಕಕ್ಕೆ ಒಂದು ವರ್ಷ ಮಾತ್ರ ಆಯಸ್ಸು. ಪಾಸಾದ ಸಿಎ ಬದುಕಿರೋ ತನಕ ಇರುತ್ತೆ. ಐಐಎಂ ಸಿಗದೇ ಹೋದ್ರೂ ಅವಳ ಮನೆ ನಡೆಯುತ್ತೆ. ಕ್ಯಾಟ್‌ಗೆ ವಯಸ್ಸಿನ ಮಿತಿಯೂ ಇಲ್ಲ. ಆದ್ರೆ ಇದು ನನ್ನ ತೀರ್ಮಾನ, ಬೇರೆ ಮನೆಯ ಲೆಕ್ಕ ಬೇರೆ ಇರಬಹುದು. ಅಣ್ಣನೋ ಅಕ್ಕನೋ ದುಡೀತಿದ್ದು, ಬಾಡಿಗೆಯ ಚಿಂತೆ ಇಲ್ಲದ ಮನೆಯಾಗಿದ್ರೆ ನಾನೂ "ಎರಡೂ ಬರಿ" ಅನ್ನುತ್ತಿದ್ದೆನೋ ಏನೋ.

ಅವಳು ಇನ್ನೊಂದು ಮಾತು ಅಂದಳು, ಅದು ನನ್ನನ್ನ ಬಹಳ ಹೊತ್ತು ಮಲಗೋಕೆ ಬಿಡಲಿಲ್ಲ. "ಸಿಎಗೆ ಮೀಸಲಾತಿ ಇಲ್ಲ ಅಣ್ಣಾ. ಅದು ಪಾಸಾಗಿ ಹೋದ್ರೆ ಐಐಎಂನಲ್ಲಿ ಯಾರೂ ಕೋಟಾ ಅಂತ ಅನ್ನಲ್ಲ ಅಲ್ವಾ?"

ಅಂತಾರೆ ಕಣಮ್ಮ. ಸಿಎ ಆದ್ರೂ ಅಂತಾರೆ, ರ‍್ಯಾಂಕ್ ಬಂದ್ರೂ ಅಂತಾರೆ. ಐಐಎಂನ ಶೇ. 15 ಸೀಟು ನಿನಗೆ ಯಾರೋ ಕೊಟ್ಟ ದಾನ ಅಲ್ಲ, 2006ರ ಕಾಯ್ದೆಯ ಹಕ್ಕು. ಅದನ್ನ ತಗೊಳ್ಳೋಕೆ ನೀನು ಮೊದಲು ಇನ್ನೊಂದು ಪರೀಕ್ಷೆ ಪಾಸಾಗಿ ಶುದ್ಧಿ ಮಾಡ್ಕೊಂಡು ಬರಬೇಕಿಲ್ಲ. ಸಿಎ ಮಾಡು, ದುಡ್ಡಿಗೋಸ್ಕರ ಮಾಡು, ಇಷ್ಟಪಟ್ಟು ಮಾಡು. ಅವರ ಬಾಯಿ ಮುಚ್ಚಿಸೋಕೆ ಮಾಡಬೇಡ, ಅದು ಮುಗಿಯೋ ಕೆಲಸ ಅಲ್ಲ.

ಈಗ ನಮ್ಮ ಚಳವಳಿಯವರಿಗೆ ಒಂದು ಮಾತು, ಬೇಜಾರಾಗಬೇಡಿ. ನಮ್ಮ ವೇದಿಕೆಗಳಲ್ಲಿ ಮಕ್ಕಳಿಗೆ ಐಎಎಸ್, ಕೆಎಎಸ್, ಎಲ್‌ಎಲ್‌ಬಿ ಮಾಡಿ ಅಂತೀವಿ. ದುಡ್ಡಿನ ವಿದ್ಯೆ ಕಲೀರಿ ಅಂತ ಯಾರು ಹೇಳಿದ್ದೀವಿ? 2013ರಲ್ಲಿ ನಮ್ಮ ರಾಜ್ಯಕ್ಕೆ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ ಬಂತು. ಅದರ 7ಡಿ ಕಲಂ ಹಿಡ್ಕೊಂಡು ನಮ್ಮ ಹಣವನ್ನ ಬೇರೆ ಕಡೆ ಹರಿಸಿದ್ರು. ಅದನ್ನ ತೆಗೆಸೋಕೆ 2023ರ ತನಕ ಕೂಗಬೇಕಾಯ್ತು. ಆಮೇಲೂ ಗ್ಯಾರಂಟಿಗಳಿಗೆ ಆ ಹಣ ಹೋಯ್ತು ಅಂತ ಬೀದಿಗಿಳಿದ್ವಿ. ಆವತ್ತು ಫ್ರೀಡಂ ಪಾರ್ಕ್‌ನಲ್ಲಿ ಪತ್ರಕರ್ತರೊಬ್ಬರು "ಯಾವ ಲೆಕ್ಕಶೀರ್ಷಿಕೆಯಿಂದ ಎಷ್ಟು ಹೋಯ್ತು ಹೇಳಿ" ಅಂದ್ರು. ಮೈಕ್ ನನ್ನ ಕೈಯಲ್ಲಿತ್ತು. ಘೋಷಣೆ ಗೊತ್ತಿತ್ತು, ಅಂಕಿ ಗೊತ್ತಿರಲಿಲ್ಲ. ಪಕ್ಕದವರಿಗೆ ದಾಟಿಸಿದೆ, ಅವರಿಗೂ ಗೊತ್ತಿರಲಿಲ್ಲ. ಬಜೆಟ್ ಸಂಪುಟ ಬಿಚ್ಚಿ ಓದಬಲ್ಲ ನಾಲ್ಕು ಜನ ಪಕ್ಕದಲ್ಲಿದ್ದಿದ್ರೆ ಅನ್ನಿಸಿತು.

ಆ ನಾಲ್ಕು ಜನರಲ್ಲಿ ಒಬ್ಬಳು ಈಗ ಪಿಜಿಯ ಮೂರು ಜನರ ರೂಮಲ್ಲಿ ಕೂತು ಪರೋಕ್ಷ ತೆರಿಗೆ ಓದ್ತಿದ್ದಾಳೆ. ಅವಳು ಓದು ಮುಗಿದ ಮೇಲೆ ಚಳವಳಿಗೆ ಬರಲೇಬೇಕು ಅಂತ ನಾನು ಷರತ್ತು ಹಾಕಲ್ಲ. ದೊಡ್ಡ ಕಂಪನಿಗೆ ಹೋಗಿ ದೊಡ್ಡ ಸಂಬಳ ತಗೊಂಡು ಅಮ್ಮನಿಗೆ ಮನೆ ಕಟ್ಟಿಸಿದ್ರೂ ನನಗೆ ಖುಷಿಯೇ.

ಹಾಗಾಗಿ ಕೆಲಸಕ್ಕೆ ಬರ್ತೀನಿ. ಈ ಆರು ತಿಂಗಳ ಬಾಡಿಗೆ ಮತ್ತು ಊಟವನ್ನ ನಾವು ಐದು ಜನ ಸ್ನೇಹಿತರು ಹಂಚ್ಕೊಂಡಿದ್ದೀವಿ. ಅವಳಂಥವರು ಇನ್ನೂ ಇದ್ದಾರೆ. ಜಯಂತಿಗೆ ಹಾಕೋ ಫ್ಲೆಕ್ಸ್‌ನಲ್ಲಿ ನಾಲ್ಕು ಕಮ್ಮಿ ಮಾಡಿದ್ರೆ ಒಬ್ಬರ ಒಂದು ತಿಂಗಳು ದಾಟುತ್ತೆ. ಪ್ರತಿ ವರ್ಷ ನನ್ನ ಮುಖವೂ ಅದರಲ್ಲಿರುತ್ತೆ, ಅದಕ್ಕೇ ಮೊದಲು ನನಗೇ ಹೇಳ್ಕೊಂಡೆ. ಬೇಕಾಗಿರೋದು: ಹಳೇದಾದ್ರೂ ಪರವಾಗಿಲ್ಲ, ಓಡೋ ಒಂದು ಲ್ಯಾಪ್‌ಟಾಪ್. ಸಿಎ ಆಗಿರೋ ನಮ್ಮವರು ಯಾರಾದ್ರೂ ಇದ್ದರೆ ಭಾನುವಾರ ಒಂದು ಗಂಟೆ ಫೋನಿನಲ್ಲಿ ಸಿಗಿ, ಅವಳಿಗೆ ಡೌಟ್ ಕೇಳೋಕೆ ಯಾರೂ ಇಲ್ಲ. ಇನ್‌ಬಾಕ್ಸ್‌ಗೆ ಬನ್ನಿ, ಕಮೆಂಟ್‌ನಲ್ಲಿ ನಂಬರ್ ಹಾಕಬೇಡಿ.

ಇಷ್ಟೆಲ್ಲ ಹೇಳಿದ ಮೇಲೆ ನಿನ್ನೆ ಅವಳ ಉತ್ತರ ಬಂತು. "ಆಯ್ತಣ್ಣ, ಜನವರಿ ಎರಡೂ ಗುಂಪು. ಆದ್ರೆ ಕ್ಯಾಟ್ ಫಾರಂ ಆಗಲೇ ತುಂಬಿಬಿಟ್ಟಿದ್ದೀನಿ, ನಮಗೆ ಫೀಸು ಅರ್ಧ ಅಲ್ವಾ. ಓದಲ್ಲ, ಸುಮ್ನೆ ಬರೆದು ಬರ್ತೀನಿ. ಬೈಬೇಡ."

ಬೈಲಿಲ್ಲ.

ಜೈ ಭೀಮ್.