ಗಂಜಿ, ಮಜ್ಜಿಗೆ ಸೇವಿಸಿದರೆ ಕರುಳಿನ ಉರಿಯೂತ ಗುಣವಾಗುತ್ತದೆಯೇ?

‘ಹೊಟ್ಟೆಯಲ್ಲಿ ಕೆಟ್ಟ ವೈರಸ್, ಬ್ಯಾಕ್ಟೀರಿಯಾ ಸೇರಿಕೊಂಡರೆ ಕರುಳಿನ ಉರಿಯೂತ ಬರುತ್ತದೆ. ರಾತ್ರಿ ನೀರು ಹಾಕಿಟ್ಟ ಅನ್ನ, ಮಜ್ಜಿಗೆ ಸೇವಿಸಿದರೆ ಮಾತ್ರೆಯೇ ಬೇಡ’ ಎನ್ನುವಂಥ ಸಂದೇಶ ನಿಮ್ಮ ಮೊಬೈಲ್‌ಗೂ ಬಂದಿರಬಹುದು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಮನೆಗಳಲ್ಲಿ ಕುಚ್ಚಲಕ್ಕಿ ಗಂಜಿ, ಮಜ್ಜಿಗೆ ಹೊಸದೇನಲ್ಲ. ಹಾಗಾಗಿ ಇಂಥ ಮಾತನ್ನು ಜನ ಬೇಗ ನಂಬುತ್ತಾರೆ. ಇದರಲ್ಲಿ ನಿಜವೆಷ್ಟು ಎಂದು ನೋಡೋಣ.

ಏನಿದು ಕಾಯಿಲೆ?

ಐಬಿಡಿ ಎಂದು ವೈದ್ಯರು ಕರೆಯುವ ಈ ದೀರ್ಘಕಾಲದ ಉರಿಯೂತದಲ್ಲಿ ಮುಖ್ಯವಾಗಿ ಎರಡು ಬಗೆ. ಅಲ್ಸರೇಟಿವ್ ಕೊಲೈಟಿಸ್ ದೊಡ್ಡ ಕರುಳಿನ ಒಳಪದರವನ್ನು ಬಾಧಿಸುತ್ತದೆ. ಕ್ರೋನ್ಸ್ ಕಾಯಿಲೆ ಬಾಯಿಯಿಂದ ಗುದದ್ವಾರದವರೆಗೆ ಎಲ್ಲಿ ಬೇಕಾದರೂ ಕಾಣಿಸಬಹುದು. ವಂಶವಾಹಿ, ಪರಿಸರ, ದೇಹದ ರೋಗನಿರೋಧಕ ವ್ಯವಸ್ಥೆ, ಕರುಳಿನ ಸೂಕ್ಷ್ಮಜೀವಿಗಳು – ಎಲ್ಲವೂ ಇದರಲ್ಲಿ ಪಾತ್ರ ವಹಿಸುತ್ತವೆ. ಇದು ಅಂಟುರೋಗವಲ್ಲ. ರೋಗಿಯ ಜೊತೆ ಕುಳಿತು ಉಂಡರೆ ಬರುವುದಿಲ್ಲ.

ವೈರಸ್ ಕಥೆ ನಿಜವೇ?

ಅರ್ಧ ನಿಜ. ನಮ್ಮ ಕರುಳಿನಲ್ಲಿರುವ ವೈರಸ್‌ಗಳಲ್ಲಿ ಹೆಚ್ಚಿನವು ‘ಫೇಜ್’ಗಳು. ಇವು ಬ್ಯಾಕ್ಟೀರಿಯಾಗಳಿಗೆ ಸೋಂಕು ತರುತ್ತವೆ, ಮನುಷ್ಯನ ಜೀವಕೋಶಗಳಿಗಲ್ಲ. ಆರೋಗ್ಯವಂತರ ಕರುಳಿನಲ್ಲೂ ಇರುತ್ತವೆ. ಅಮೆರಿಕ ಮತ್ತು ಬ್ರಿಟನ್‌ನ ರೋಗಿಗಳ ಮಲವನ್ನು ಪರೀಕ್ಷಿಸಿ 2015ರಲ್ಲಿ ‘ಸೆಲ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಐಬಿಡಿ ಇರುವವರಲ್ಲಿ ಫೇಜ್‌ಗಳ ವೈವಿಧ್ಯ ಹೆಚ್ಚಿದ್ದದ್ದು ಕಂಡುಬಂತು. ಬ್ಯಾಕ್ಟೀರಿಯಾಗಳ ವೈವಿಧ್ಯ ಮಾತ್ರ ಕಡಿಮೆಯಿತ್ತು. ಉರಿಯೂತ ತಗ್ಗಿಸಬಲ್ಲ ಫೀಕಲಿಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾ ಅನೇಕ ಕ್ರೋನ್ಸ್ ರೋಗಿಗಳಲ್ಲಿ ಕಡಿಮೆ ಇರುವುದನ್ನೂ ಸಂಶೋಧಕರು ಗುರುತಿಸಿದ್ದಾರೆ.

ಆದರೆ ಈ ಏರುಪೇರಿನಿಂದ ಕಾಯಿಲೆ ಬಂತೇ, ಕಾಯಿಲೆಯಿಂದ ಏರುಪೇರಾಯಿತೇ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ‘ಇದೇ ವೈರಸ್ ಕಾರಣ’ ಎಂದು ಬೆರಳು ತೋರಿಸುವ ಹಂತಕ್ಕೆ ವಿಜ್ಞಾನ ಬಂದಿಲ್ಲ.

ಗಂಜಿ, ಮಜ್ಜಿಗೆ ಔಷಧಿಯೇ?

ಅವು ಆಹಾರ. ಹೊಟ್ಟೆಗೆ ಒಗ್ಗಿದರೆ ಸೇವಿಸಬಹುದು. ಆದರೆ ಔಷಧಿಯ ಜಾಗದಲ್ಲಿ ಅವು ನಿಲ್ಲವು. ನಿರ್ದಿಷ್ಟ ಬ್ಯಾಕ್ಟೀರಿಯಾ ಇರುವ ಪ್ರೋಬಯಾಟಿಕ್ ಮಾತ್ರೆಗಳನ್ನೇ ಕ್ರೋನ್ಸ್ ಮತ್ತು ಕೊಲೈಟಿಸ್‌ಗೆ ವೈದ್ಯಕೀಯ ಪ್ರಯೋಗದ ಹೊರಗೆ ಕೊಡಬಾರದೆಂದು ಅಮೆರಿಕದ ಗ್ಯಾಸ್ಟ್ರೋಎಂಟರಾಲಜಿ ತಜ್ಞರ ಸಂಘ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ಫಾರ್ವರ್ಡ್ ನಂಬಿ ಮಾತ್ರೆ ನಿಲ್ಲಿಸಿದರೆ ಉರಿಯೂತ ಮತ್ತೆ ಕೆರಳಬಹುದು. ಕರುಳಿನ ಭಾಗವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಬೇಕಾದ ಸ್ಥಿತಿಯೂ ಬರಬಹುದು.

ನೀವು ಮಾಡಬೇಕಾದದ್ದು

ಮಲದಲ್ಲಿ ರಕ್ತ ಕಂಡರೆ ‘ಮೂಲವ್ಯಾಧಿ ಇರಬೇಕು’ ಎಂದು ನೀವೇ ತೀರ್ಮಾನಿಸಬೇಡಿ. ವಾರಗಟ್ಟಲೆ ಭೇದಿ, ರಾತ್ರಿ ಎದ್ದು ಶೌಚಕ್ಕೆ ಓಡುವುದು, ತೂಕ ಇಳಿಯುವುದು, ಬಿಡದ ಹೊಟ್ಟೆನೋವು – ಇವನ್ನೂ ಕಡೆಗಣಿಸಬೇಡಿ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲು ತೋರಿಸಿ. ಅಗತ್ಯವಿದ್ದರೆ ಅಲ್ಲಿಂದ ಮಂಗಳೂರಿನ ತಜ್ಞರ ಬಳಿ ಹೋಗಬಹುದು.

ಪರೀಕ್ಷೆ ಏಕೆ ಮುಖ್ಯ? ನಮ್ಮ ದೇಶದಲ್ಲಿ ಕರುಳಿನ ಕ್ಷಯವೂ ಇದೆ. ಅದು ನೋಡಲು ಥೇಟ್ ಕ್ರೋನ್ಸ್‌ನಂತೆಯೇ ಇರಬಹುದು. ಕ್ರೋನ್ಸ್‌ಗೆ ಕೊಡುವ ಸ್ಟೆರಾಯ್ಡ್ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವುದರಿಂದ ಕ್ಷಯವಿದ್ದರೆ ಅದು ಉಲ್ಬಣಿಸುತ್ತದೆ. ಕ್ರೋನ್ಸ್ ಇರುವವರಿಗೆ ಕ್ಷಯದ ಮಾತ್ರೆ ಕೊಟ್ಟರೆ ಸರಿಯಾದ ಚಿಕಿತ್ಸೆ ತಿಂಗಳುಗಟ್ಟಲೆ ತಡವಾಗುತ್ತದೆ. ಕೊಲೊನೊಸ್ಕೋಪಿ ಮಾಡಿ, ಕರುಳಿನ ಸಣ್ಣ ತುಣುಕನ್ನು ಬಯಾಪ್ಸಿಗೆ ಕಳಿಸಿ ವೈದ್ಯರು ಇವೆರಡನ್ನೂ ಬೇರ್ಪಡಿಸಲು ನೋಡುತ್ತಾರೆ.

ಕೊನೆಯ ಮಾತು

ಐಬಿಡಿ ರೋಗಿಗಳ ಕರುಳಿನ ಸೂಕ್ಷ್ಮಜೀವಿಗಳಲ್ಲಿ ಬದಲಾವಣೆ ಇರುವುದು ನಿಜ. ಒಂದು ಲೋಟ ಮಜ್ಜಿಗೆ ಅದನ್ನು ಸರಿಪಡಿಸುತ್ತದೆ ಎಂಬುದು ಸುಳ್ಳು. ಇಂಥ ಸಂದೇಶ ಬಂದರೆ ಮುಂದಕ್ಕೆ ಕಳಿಸಬೇಡಿ. ಅದನ್ನು ಓದಿ ಮಾತ್ರೆ ಬಿಟ್ಟವರು ನಿಮ್ಮ ಗುಂಪಿನಲ್ಲಿದ್ದರೆ ಇಂದೇ ವೈದ್ಯರ ಬಳಿ ಹೋಗಲು ಹೇಳಿ.