ದಂಡೆ ಯಾರದು, ಎಲ್ಲೆ ಎಲ್ಲಿ? ಎರಡು ನಗರಗಳ ನಡುವೆ ನಾಲ್ಕು ತಾಲ್ಲೂಕುಗಳು

ಉತ್ತರ ಕರ್ನಾಟಕದ ಎರಡು ದೊಡ್ಡ ನಗರಗಳ ಸುತ್ತ ಕೆಲವು ವರ್ಷಗಳಿಂದ ಗಡಿಯದೇ ಚರ್ಚೆ. ಹುಬ್ಬಳ್ಳಿ–ಧಾರವಾಡ ಮಹಾನಗರ ಪಾಲಿಕೆಯನ್ನು ವಿಭಜಿಸಿ ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ರಚಿಸುವ ಪ್ರಸ್ತಾವಕ್ಕೆ 2025ರ ಜನವರಿಯಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ನೀಡಿತು. ಅತ್ತ ಬೆಳಗಾವಿ ಜಿಲ್ಲೆಯ ವಿಭಜನೆಯ ಬೇಡಿಕೆ ಪ್ರತಿ ಚಳಿಗಾಲದ ಅಧಿವೇಶನದಲ್ಲೂ ತಪ್ಪದೆ ಕೇಳಿಬರುತ್ತದೆ. ಎರಡೂ ಚರ್ಚೆಗಳಲ್ಲಿ ಪ್ರಸ್ತಾಪವಾಗುವುದು ಯಾವ ಕಚೇರಿ ಎಲ್ಲಿಗೆ ಬರಬೇಕು, ಯಾವ ಊರು ಕೇಂದ್ರವಾಗಬೇಕು ಎಂಬ ವಿಷಯ ಮಾತ್ರ. ಈ ಎರಡು ನಗರಗಳ ನಡುವೆ ಮತ್ತು ಅವುಗಳ ಪೂರ್ವಕ್ಕೆ ಹರಡಿರುವ ಬೈಲಹೊಂಗಲ, ಕಿತ್ತೂರು, ಸವದತ್ತಿ ಹಾಗೂ ರಾಮದುರ್ಗ ತಾಲ್ಲೂಕುಗಳಿಗೆ ಇದರಿಂದ ಏನಾಗುತ್ತದೆ ಎಂಬ ಪ್ರಶ್ನೆ ಬದಿಗೆ ಸರಿದಿದೆ. ನಗರದ ನೀರು ಬರುವುದು ಈ ಸೀಮೆಯಿಂದ. ನಗರದ ರಸ್ತೆ ಬೆಳೆಯುತ್ತಿರುವುದೂ ಈ ಸೀಮೆಯ ಕಡೆಗೆ. ಹೀಗಿರುವಾಗ ಗಡಿಯ ಲೆಕ್ಕದಲ್ಲಿ ಈ ಸೀಮೆಯ ಜನರ ಮಾತಿಗೆ ಎಷ್ಟು ಬೆಲೆಯಿದೆ ಎಂಬುದನ್ನು ಪರಿಶೀಲಿಸುವ ಕಾಲ ಬಂದಿದೆ.

ಎರಡು ನಗರ, ಎರಡು ಸ್ವಭಾವ

ಹುಬ್ಬಳ್ಳಿ ಮತ್ತು ಧಾರವಾಡ ಸುಮಾರು ಇಪ್ಪತ್ತು ಕಿ.ಮೀ. ಅಂತರದ ಎರಡು ಬೇರೆ ಊರುಗಳು. ಒಂದು ವ್ಯಾಪಾರದ್ದು, ಇನ್ನೊಂದು ವಿದ್ಯೆಯದು. 1962ರಲ್ಲಿ ಎರಡನ್ನೂ ಒಂದೇ ಪಾಲಿಕೆಯಡಿ ತರಲಾಯಿತು. ನವನಗರ, ಉಣಕಲ್ಲು, ರಾಯಾಪುರಗಳ ಮೂಲಕ ನಡುವಿನ ಬಯಲು ಕ್ರಮೇಣ ತುಂಬಿತು. 2018ರಲ್ಲಿ ಓಡಾಟ ಆರಂಭಿಸಿದ ಬಿಆರ್‌ಟಿಎಸ್‌ನ ಚಿಗರಿ ಬಸ್ಸುಗಳು ಈ ಬೆಸುಗೆಯನ್ನು ಇನ್ನಷ್ಟು ಗಟ್ಟಿಗೊಳಿಸಿದವು. 2011ರ ಜನಗಣತಿಯಂತೆ ಪಾಲಿಕೆಯ ಜನಸಂಖ್ಯೆ 9.43 ಲಕ್ಷ. ಹೀಗೆ ಆರು ದಶಕಗಳ ಕಾಲ ಒಂದಾಗಿದ್ದ ಊರುಗಳು ಈಗ ಆಡಳಿತದಲ್ಲಿ ಬೇರೆಯಾಗಲು ಹೊರಟಿವೆ.

ಬೆಳಗಾವಿಯ ಕಥೆ ಇದಕ್ಕೆ ತದ್ವಿರುದ್ಧ. ಅದು ಕೋಟೆ, ಪೇಟೆ, ದಂಡುಗಳ ಸುತ್ತ ಒತ್ತಾಗಿ ಬೆಳೆದ ಊರು. ದಂಡು ಪ್ರದೇಶಕ್ಕೆ ಪಾಲಿಕೆಯ ಅಂಕೆಯಿಲ್ಲದ ಪ್ರತ್ಯೇಕ ಮಂಡಳಿಯಿದೆ. 2011ರಲ್ಲಿ ಪಾಲಿಕೆಯ ಎಲ್ಲೆಯೊಳಗೆ 4.88 ಲಕ್ಷ ಜನರಿದ್ದರೆ, ಸುತ್ತಲಿನ ಬಡಾವಣೆಗಳನ್ನೂ ಸೇರಿಸಿದ ನಗರ ಸಮೂಹದಲ್ಲಿ 6.10 ಲಕ್ಷ ಜನರಿದ್ದರು. ಅಂದರೆ ನಗರವಾಸಿಗಳಲ್ಲಿ ಐವರಿಗೆ ಒಬ್ಬರು ಅಂದೇ ಪಾಲಿಕೆಯ ಹೊರಗಿದ್ದರು. ಹುಬ್ಬಳ್ಳಿ–ಧಾರವಾಡದ ಎಲ್ಲೆ ನಗರಕ್ಕಿಂತ ಮುಂದೆ ಹೋಗಿ ನಿಂತಿತ್ತು. ಬೆಳಗಾವಿಯಲ್ಲಿ ನಗರವೇ ಎಲ್ಲೆಯನ್ನು ಮೀರಿ ನಡೆಯಿತು.

ಈ ಎರಡು ನಗರಗಳು ಹೆದ್ದಾರಿಯ ಮೇಲೆ ಪರಸ್ಪರ ಕೈ ಚಾಚುತ್ತಿರುವುದು ಗಮನಾರ್ಹ. 2012ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಸುವರ್ಣ ವಿಧಾನಸೌಧ ನಿಂತಿರುವುದು ಬೆಳಗಾವಿಯಿಂದ ಧಾರವಾಡಕ್ಕೆ ಹೋಗುವ ದಾರಿಯಲ್ಲಿ. 2008ರಲ್ಲಿ ಸಂಚಾರಿ ಪೀಠವಾಗಿ ಆರಂಭವಾಗಿ 2013ರಲ್ಲಿ ಕಾಯಂ ಆದ ಹೈಕೋರ್ಟ್‌ನ ಧಾರವಾಡ ಪೀಠ ಇರುವುದು ಧಾರವಾಡದಿಂದ ಬೆಳಗಾವಿಗೆ ಹೋಗುವ ದಾರಿಯಲ್ಲಿ, ಬೇಲೂರು ಕೈಗಾರಿಕಾ ಪ್ರದೇಶದ ಬಳಿ. ಈ ಎರಡರ ನಡುವೆ ಇರುವುದು ಕಿತ್ತೂರು. ತಾಲ್ಲೂಕು ಕೇಂದ್ರವಾದರೂ ಅಲ್ಲಿರುವುದು ಪಟ್ಟಣ ಪಂಚಾಯಿತಿ. 1824ರಲ್ಲಿ ಬ್ರಿಟಿಷರನ್ನು ಎದುರಿಸಿದ ರಾಣಿ ಚೆನ್ನಮ್ಮನ ಕೋಟೆ ಅಲ್ಲಿದೆ. 2021ರಲ್ಲಿ ಮುಂಬಯಿ ಕರ್ನಾಟಕಕ್ಕೆ 'ಕಿತ್ತೂರು ಕರ್ನಾಟಕ' ಎಂಬ ಹೆಸರನ್ನು ಕೊಟ್ಟದ್ದೂ ಆ ಊರೇ. ಆದರೆ ಇಡೀ ಪ್ರಾಂತ್ಯಕ್ಕೆ ಹೆಸರು ಕೊಟ್ಟ ಊರಿಗೆ ತನ್ನ ಸುತ್ತಲಿನ ಭೂಮಿಯ ಭವಿಷ್ಯವನ್ನು ನಿರ್ಧರಿಸುವ ಶಕ್ತಿಯಿಲ್ಲ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕರಲ್ಲಿ ಒಂದೂ ಊರಿಗೆ ರೈಲು ನಿಲ್ದಾಣವಿಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಕಿತ್ತೂರಿನ ಮೂಲಕ ಹಾದುಹೋಗಬೇಕಾದ ಸುಮಾರು 73 ಕಿ.ಮೀ. ಉದ್ದದ ಧಾರವಾಡ–ಬೆಳಗಾವಿ ನೇರ ಮಾರ್ಗಕ್ಕೆ 2020ರಲ್ಲಿ ಮಂಜೂರಾತಿ ದೊರೆಯಿತು. ಅನಂತರ ಭೂಸ್ವಾಧೀನದ ತಕರಾರಿನಲ್ಲಿ ಕೆಲಸ ವರ್ಷಗಟ್ಟಲೆ ಕುಂಟಿತು. ನಗರಗಳಿಗೆ ಈ ಮಾರ್ಗ ಸಮಯದ ಉಳಿತಾಯ. ದಾರಿಯಲ್ಲಿ ಹೊಲ ಕಳೆದುಕೊಳ್ಳುವ ರೈತನಿಗೆ ಅದು ಬೇರೆಯೇ ಲೆಕ್ಕ.

ಒಂದು ನದಿ, ನಾಲ್ಕು ತಾಲ್ಲೂಕು

ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಈ ನಾಲ್ಕೂ ತಾಲ್ಲೂಕುಗಳನ್ನು ಹಾರದ ದಾರದಂತೆ ಪೋಣಿಸುತ್ತಾಳೆ. ಎಂ.ಕೆ. ಹುಬ್ಬಳ್ಳಿಯಲ್ಲಿ ಹೆದ್ದಾರಿಯ ಕೆಳಗೆ ಹಾದು, ರಾಯಣ್ಣನ ಸಂಗೊಳ್ಳಿಯ ಪಕ್ಕದಲ್ಲಿ ಹರಿದು, ಸವದತ್ತಿಯ ಬಳಿ ನವಿಲುತೀರ್ಥದ ಕಣಿವೆಯಲ್ಲಿ ಅಣೆಕಟ್ಟಿಗೆ ತಡೆದು ನಿಂತು, ಮುಂದೆ ರಾಮದುರ್ಗದತ್ತ ಸಾಗುತ್ತಾಳೆ. ಸುಮಾರು 37 ಟಿಎಂಸಿ ಅಡಿ ಸಾಮರ್ಥ್ಯದ ರೇಣುಕಾಸಾಗರ ಈ ಸೀಮೆಯ ಸಮುದ್ರವೇ ಸರಿ. ಅದರ ಹಿನ್ನೀರಿನ ದಂಡೆ ನಮ್ಮ ಕಡಲತೀರ.

ಈ ಜಲಾಶಯವಿರುವುದು ಬೆಳಗಾವಿ ಜಿಲ್ಲೆಯಲ್ಲಿ. ಆದರೆ ಬೆಳಗಾವಿ ನಗರ ಕುಡಿಯುವುದು ರಕ್ಕಸಕೊಪ್ಪ ಮತ್ತು ಹಿಡಕಲ್‌ನ ನೀರನ್ನು. ರೇಣುಕಾಸಾಗರದ ನೀರನ್ನು ಕುಡಿಯುವ ದೊಡ್ಡ ನಗರ ಹುಬ್ಬಳ್ಳಿ–ಧಾರವಾಡ. ಅಂದರೆ ಸವದತ್ತಿಯ ಆಡಳಿತದ ನಂಟು ಒಂದು ನಗರದೊಂದಿಗೆ, ನೀರಿನ ನಂಟು ಇನ್ನೊಂದು ನಗರದೊಂದಿಗೆ. 2018ರ ಆಗಸ್ಟ್‌ನಲ್ಲಿ ಮಹದಾಯಿ ನ್ಯಾಯಾಧಿಕರಣ ಕಳಸಾ–ಬಂಡೂರಿ ನಾಲೆಗಳ ಮೂಲಕ ಮಲಪ್ರಭೆಗೆ ತಿರುಗಿಸಲು ಅನುಮತಿಸಿದ 3.9 ಟಿಎಂಸಿ ಅಡಿ ನೀರೂ ಬಂದು ಸೇರಬೇಕಾದದ್ದು ಇದೇ ಕೊಳ್ಳಕ್ಕೆ. ಆ ತೀರ್ಪು 2020ರಲ್ಲಿ ಕೇಂದ್ರದ ರಾಜಪತ್ರದಲ್ಲಿ ಪ್ರಕಟವಾದರೂ ನೀರು ಹರಿಯಲಿಲ್ಲ.

ನದಿಯ ಈ ಏರುಪೇರಿನ ಭಾರ ಬೀಳುವುದು ರಾಮದುರ್ಗದ ಮೇಲೆ. 2019ರ ಆಗಸ್ಟ್‌ನಲ್ಲಿ ಜಲಾಶಯ ತುಂಬಿ ಹೊರಬಿಟ್ಟ ನೀರು ರಾಮದುರ್ಗ ಪಟ್ಟಣಕ್ಕೆ ನುಗ್ಗಿ ಮನೆಗಳನ್ನೂ ಮಗ್ಗಗಳನ್ನೂ ಮುಳುಗಿಸಿತು. ಬರ ಬಂದರೆ ಕುಡಿಯುವ ನೀರಿನ ಹೆಸರಿನಲ್ಲಿ ನಗರಕ್ಕೆ ಆದ್ಯತೆ. ನೆರೆ ಬಂದರೆ ಕೆಳದಂಡೆಗೆ ನೀರು. 1980ರ ಜುಲೈನಲ್ಲಿ ನರಗುಂದ, ನವಲಗುಂದಗಳಲ್ಲಿ ಸಿಡಿದ ರೈತ ಬಂಡಾಯದ ಮೂಲವೂ ಇದೇ ಮಲಪ್ರಭಾ ಯೋಜನೆಯ ಕರಭಾರದಲ್ಲಿತ್ತು ಎಂಬುದನ್ನು ಆಡಳಿತ ಮರೆಯಬಾರದು.

ಅಮೆರಿಕದ ಎರಡು ಕನ್ನಡಿಗಳು

ನೀರು ಮತ್ತು ದಂಡೆಯನ್ನು ಹಿಡಿದು ನಗರಗಳು ತಮ್ಮ ಎಲ್ಲೆಯನ್ನು ಹೇಗೆ ಬರೆದುಕೊಳ್ಳುತ್ತವೆ ಎಂಬುದಕ್ಕೆ ಅಮೆರಿಕದ ಲಾಸ್ ಏಂಜಲೀಸ್ ಮತ್ತು ಷಿಕಾಗೋ ಎರಡು ಭಿನ್ನ ಮಾದರಿಗಳು.

ಲಾಸ್ ಏಂಜಲೀಸ್ ಮೂಲತಃ ಒಳನಾಡಿನ ಊರು. ಬಂದರು ಬೇಕೆಂದು ಅದು 1906ರಲ್ಲಿ ದಕ್ಷಿಣಕ್ಕೆ ದಾರದಂತಹ ಕಿರಿದಾದ ಭೂಪಟ್ಟಿಯನ್ನು ತನ್ನೊಳಗೆ ಸೇರಿಸಿಕೊಂಡಿತು. 1909ರಲ್ಲಿ ಸ್ಯಾನ್ ಪೆಡ್ರೊ, ವಿಲ್ಮಿಂಗ್ಟನ್ ಊರುಗಳನ್ನು ಕೂಡಿಸಿಕೊಂಡು ಸಮುದ್ರ ಮುಟ್ಟಿತು. 1913ರಲ್ಲಿ ದೂರದ ಓವೆನ್ಸ್ ಕಣಿವೆಯಿಂದ ಕಾಲುವೆಯ ಮೂಲಕ ನೀರು ತಂದಿತು. ಆ ನೀರು ಬೇಕಿದ್ದ ಸ್ಯಾನ್ ಫರ್ನಾಂಡೊ ಕಣಿವೆಯ ಬಹುಭಾಗ 1915ರಲ್ಲಿ ನಗರದೊಳಗೆ ವಿಲೀನವಾಯಿತು. ಓವೆನ್ಸ್ ಕಣಿವೆಯ ರೈತರಿಗೆ ಉಳಿದದ್ದು ಬತ್ತಿದ ಕೆರೆ, ಏಳುವ ಧೂಳು. ಇತ್ತ ಕಡಲತೀರದ ಸ್ಯಾಂಟಾ ಮೋನಿಕಾ, ನಗರದ ಮಗ್ಗುಲಲ್ಲೇ ಇರುವ ಬೆವರ್ಲಿ ಹಿಲ್ಸ್ ಇಂದಿಗೂ ಪ್ರತ್ಯೇಕ ನಗರಗಳಾಗಿ ಉಳಿದಿವೆ. ತಾಳಿಕೊಳ್ಳುವ ಬಲವಿದ್ದ ಊರುಗಳು ಉಳಿದವು, ನೀರಿಲ್ಲದವು ಸೇರಿಕೊಂಡವು, ನೀರು ಕೊಟ್ಟ ಊರು ಸೊರಗಿತು.

ಷಿಕಾಗೋ ಬೇರೆ ದಾರಿ ಹಿಡಿಯಿತು. 1889ರಲ್ಲಿ ಅದೂ ಸುತ್ತಲಿನ ಊರುಗಳನ್ನು ಒಂದೇ ಏಟಿಗೆ ಸೇರಿಸಿಕೊಂಡು ಹಲವು ಪಟ್ಟು ಹಿಗ್ಗಿತು. ಆದರೆ ಮಿಷಿಗನ್ ಸರೋವರದ ದಂಡೆಯ ಬಹುಪಾಲನ್ನು ಸಾರ್ವಜನಿಕವಾಗಿ ಉಳಿಸಿಕೊಂಡಿತು. ಕುಡಿಯುವ ನೀರಿನ ಸರೋವರಕ್ಕೆ ಹೊಲಸು ಸೇರಬಾರದೆಂದು 1900ರಲ್ಲಿ ತನ್ನ ನದಿಯ ದಿಕ್ಕನ್ನೇ ತಿರುಗಿಸಿತು. ಸರೋವರದ ತಳವನ್ನು ರೈಲ್ವೆ ಕಂಪನಿಯೊಂದಕ್ಕೆ ಬಿಟ್ಟುಕೊಟ್ಟ ಶಾಸನದ ವಿವಾದದಲ್ಲಿ, ಅಂತಹ ಜಲರಾಶಿ ಸರ್ಕಾರದ ಬಳಿ ಜನರ ಪರವಾಗಿ ಇರುವ ನಿಕ್ಷೇಪವೇ ಹೊರತು ಮಾರಿಕೊಳ್ಳುವ ಆಸ್ತಿಯಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1892ರಲ್ಲಿ ತೀರ್ಪು ನೀಡಿತು.

ಈ ತೀರ್ಪು ನಮಗೆ ದೂರದ್ದಲ್ಲ. ಹಿಮಾಚಲದ ಬಿಯಾಸ್ ನದಿಯ ದಂಡೆಯನ್ನು ಹೋಟೆಲೊಂದಕ್ಕೆ ಗುತ್ತಿಗೆ ಕೊಟ್ಟ ಪ್ರಕರಣದಲ್ಲಿ ಭಾರತದ ಸುಪ್ರೀಂ ಕೋರ್ಟ್ 1996ರ ಡಿಸೆಂಬರ್‌ನಲ್ಲಿ ಷಿಕಾಗೋದ ಅದೇ ತೀರ್ಪನ್ನು ಉಲ್ಲೇಖಿಸಿ, ಸಾರ್ವಜನಿಕ ನಿಕ್ಷೇಪದ ತತ್ತ್ವ ನಮ್ಮ ಕಾನೂನಿನ ಭಾಗವೆಂದು ಘೋಷಿಸಿತು. ರೇಣುಕಾಸಾಗರದ ದಂಡೆಗೂ ಈ ತತ್ತ್ವ ಅನ್ವಯಿಸುತ್ತದೆ.

ದಂಡೆಯ ಮೇಲೆ ಕಣ್ಣು

ಈ ಮಾತು ಈಗ ಏಕೆ ಮುಖ್ಯ? ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹುಣ್ಣಿಮೆ ಹುಣ್ಣಿಮೆಗೂ ಲಕ್ಷಾಂತರ ಭಕ್ತರು ಬರುತ್ತಾರೆ. 2024ರಲ್ಲಿ ಕ್ಷೇತ್ರಕ್ಕಾಗಿ ಪ್ರತ್ಯೇಕ ಪ್ರವಾಸೋದ್ಯಮ ಅಭಿವೃದ್ಧಿ ಮಂಡಳಿಗೆ ಶಾಸನ ರೂಪಿಸಲಾಯಿತು. ಅದೇ ವರ್ಷ ಕೇಂದ್ರ ಸರ್ಕಾರ ಗುಡ್ಡದ ಅಭಿವೃದ್ಧಿಗೆ 100 ಕೋಟಿ ರೂಪಾಯಿ ಮಂಜೂರು ಮಾಡಿತು. ಇದು ಸ್ವಾಗತಾರ್ಹ. ಭಕ್ತರಿಗೆ ಶೌಚಾಲಯ, ವಸತಿ, ನೆರಳು ಬೇಕೇ ಬೇಕು. ಆದರೆ ಹಣ ಬಂದಲ್ಲಿ ಕಟ್ಟಡ ಬರುತ್ತದೆ, ಕಟ್ಟಡ ಬಂದಲ್ಲಿ ಕೊಳಚೆ ಬರುತ್ತದೆ. ಗುಡ್ಡದ ಕೆಳಗೆ ಹರಡಿರುವ ನೀರನ್ನು ಹುಬ್ಬಳ್ಳಿ–ಧಾರವಾಡದ ಜನ ಕುಡಿಯುತ್ತಾರೆ. ಸಮುದ್ರ ತೀರಕ್ಕೆ ಕರಾವಳಿ ನಿಯಂತ್ರಣ ವಲಯದ ನಿಯಮವಿದೆ. ಜಲಾಶಯದ ದಂಡೆ ಆ ನಿಯಮದ ವ್ಯಾಪ್ತಿಗೆ ಬರುವುದಿಲ್ಲ.

ನಗರಗಳು ತಮ್ಮ ಒಳಗಿನ ದಂಡೆಗಳನ್ನು ಹೇಗೆ ನೋಡಿಕೊಂಡಿವೆ ಎಂಬುದೂ ಆಶಾದಾಯಕವಾಗಿಲ್ಲ. ಹುಬ್ಬಳ್ಳಿಯ ಉಣಕಲ್ಲು ಕೆರೆಗೆ ಉದ್ಯಾನವಿದೆ, ಅದರೊಂದಿಗೆ ಅಂತರಗಂಗೆಯ ಕಾಟವೂ ಇದೆ. ಬೇಂದ್ರೆಯವರ ಹೆಸರಿನೊಂದಿಗೆ ಬೆರೆತ ಧಾರವಾಡದ ಸಾಧನಕೇರಿ, ಬೆಳಗಾವಿಯ ಕೋಟೆ ಕೆರೆಗಳು ಸಂಜೆಯ ವಿಹಾರಕ್ಕೆ ಒದಗುತ್ತವೆ. ಅವುಗಳಿಗೆ ಕಲ್ಲು ಹಾಸಿ, ದೀಪ ಹಾಕಿದ್ದೇ ಅಭಿವೃದ್ಧಿ ಎಂಬ ಭಾವನೆ ಬೇರೂರಿದೆ. ಒಳಹರಿವಿನ ನಾಲೆಗಳ ಚಿಂತೆ ಅನಂತರದ್ದು. ಇದೇ ದೃಷ್ಟಿ ರೇಣುಕಾಸಾಗರಕ್ಕೂ ವಿಸ್ತರಿಸಿದರೆ ನಷ್ಟ ಸವದತ್ತಿಗೆ ಸೀಮಿತವಾಗುವುದಿಲ್ಲ.

ಜಿಲ್ಲೆಯ ಪ್ರಶ್ನೆ

ಬೆಳಗಾವಿ ಜಿಲ್ಲೆಯ ವಿಸ್ತೀರ್ಣ 13,415 ಚದರ ಕಿ.ಮೀ., 2011ರ ಜನಸಂಖ್ಯೆ 47.79 ಲಕ್ಷ. ರಾಮದುರ್ಗದ ರೈತ ಜಿಲ್ಲಾಧಿಕಾರಿ ಕಚೇರಿ ತಲುಪಲು ನೂರು ಕಿ.ಮೀ. ಆಸುಪಾಸು ಪ್ರಯಾಣಿಸಬೇಕು. 1997ರಲ್ಲಿ ಜೆ.ಎಚ್. ಪಟೇಲ್ ಸರ್ಕಾರ ಹೊಸ ಜಿಲ್ಲೆಗಳನ್ನು ರಚಿಸಿದಾಗ ಧಾರವಾಡದಿಂದ ಗದಗ, ಹಾವೇರಿಗಳು ಬೇರೆಯಾದವು. ಬೆಳಗಾವಿಯಿಂದ ಚಿಕ್ಕೋಡಿ, ಗೋಕಾಕಗಳನ್ನು ಬೇರ್ಪಡಿಸುವ ನಿರ್ಧಾರ ಮಾತ್ರ ಗಡಿ ವಿವಾದದ ಆತಂಕದಲ್ಲಿ ಹಿಂದೆ ಸರಿಯಿತು. ಉಪವಿಭಾಗದ ಕೇಂದ್ರವಾಗಿರುವ, ರಾಣಿ ಚೆನ್ನಮ್ಮನ ಸಮಾಧಿಯಿರುವ ಬೈಲಹೊಂಗಲವೂ ಜಿಲ್ಲಾ ಕೇಂದ್ರದ ಹಕ್ಕು ಮಂಡಿಸುತ್ತ ಬಂದಿದೆ. ಮುಂದಿನ ಜನಗಣತಿಗಾಗಿ 2025ರ ಡಿಸೆಂಬರ್ 31ಕ್ಕೆ ಆಡಳಿತ ಗಡಿಗಳನ್ನು ಸ್ಥಗಿತಗೊಳಿಸಬೇಕೆಂದು ಕೇಂದ್ರ ಸೂಚಿಸಿದ್ದರಿಂದ ಈ ಬೇಡಿಕೆಗೆ ಮತ್ತೆ ತಡೆ ಬಿದ್ದಿತು.

ಹೊಸ ಜಿಲ್ಲೆ ಬೇಕೆಂಬ ಕೂಗಿನಲ್ಲಿ ನ್ಯಾಯವಿದೆ. ಆದರೆ ಜಿಲ್ಲೆ ಬಂದ ಮಾತ್ರಕ್ಕೆ ನೀರಿನ ಮೇಲೆ, ದಂಡೆಯ ಮೇಲೆ, ಹೆದ್ದಾರಿಯ ಪಕ್ಕದ ಭೂಮಿಯ ಮೇಲೆ ಈ ನಾಲ್ಕು ತಾಲ್ಲೂಕುಗಳಿಗೆ ಹಿಡಿತ ಸಿಗುವುದಿಲ್ಲ. ಅದಕ್ಕೆ ಸಂವಿಧಾನದಲ್ಲೇ ದಾರಿಯಿದೆ. 74ನೇ ತಿದ್ದುಪಡಿಯಿಂದ ಬಂದ 243ಝಡ್‌ಇ ವಿಧಿಯ ಪ್ರಕಾರ ಹತ್ತು ಲಕ್ಷ ಅಥವಾ ಹೆಚ್ಚು ಜನಸಂಖ್ಯೆಯ ಮಹಾನಗರ ಪ್ರದೇಶಕ್ಕೆ ಯೋಜನಾ ಸಮಿತಿ ರಚಿಸಬೇಕು. ಈ ಪ್ರದೇಶ ಒಂದಕ್ಕಿಂತ ಹೆಚ್ಚು ಜಿಲ್ಲೆಗಳಲ್ಲಿ ಹರಡಿರಬಹುದು. ಪಾಲಿಕೆ, ಪುರಸಭೆ, ಪಂಚಾಯಿತಿಗಳೆಲ್ಲ ಅದರಲ್ಲಿರಬಹುದು. ಸಮಿತಿಯ ಕನಿಷ್ಠ ಮೂರನೇ ಎರಡರಷ್ಟು ಸದಸ್ಯರನ್ನು ಈ ಸಂಸ್ಥೆಗಳ ಚುನಾಯಿತರೇ ಆರಿಸುತ್ತಾರೆ. 2011ರಲ್ಲೇ 9.43 ಲಕ್ಷವಿದ್ದ ಅವಳಿ ನಗರ ಹೊಸ ಎಣಿಕೆಯಲ್ಲಿ ಹತ್ತು ಲಕ್ಷ ದಾಟುವುದು ಬಹುತೇಕ ಖಚಿತ. ಧಾರವಾಡ ಪ್ರತ್ಯೇಕ ಪಾಲಿಕೆಯಾದರೂ ಇದಕ್ಕೆ ಅಡ್ಡಿಯಿಲ್ಲ, ಏಕೆಂದರೆ ವಿಧಿ ಹೇಳುವುದು ಪ್ರದೇಶವನ್ನು ಕುರಿತು, ಪಾಲಿಕೆಯನ್ನು ಕುರಿತಲ್ಲ.

ನಗರದೊಂದಿಗೆ ಒಂದೇ ಸಮಿತಿಯಲ್ಲಿ ಕುಳಿತರೆ ಹೊಲಗಳೆಲ್ಲ ನಿವೇಶನಗಳಾಗುತ್ತವೆ ಎಂಬ ಭಯ ರೈತರಲ್ಲಿರುವುದು ಸಹಜ. ಸಮಿತಿ ನಗರದ ಕೈಗೊಂಬೆಯಾದರೆ ಆ ಭಯ ನಿಜವೂ ಆದೀತು. ಆದರೆ ಸಮಿತಿಯಿಲ್ಲದೆಯೂ ಹೆದ್ದಾರಿಯ ಪಕ್ಕದ ಹೊಲಗಳು ನಿವೇಶನಗಳಾಗುತ್ತಲೇ ಇವೆ. ವ್ಯತ್ಯಾಸವಿಷ್ಟೇ: ಈಗ ಆ ನಿರ್ಧಾರದಲ್ಲಿ ಕಿತ್ತೂರಿಗೆ ಮತವಿಲ್ಲ, ಸವದತ್ತಿಗೆ ದನಿಯಿಲ್ಲ. ವಿಲೀನ ಬೇರೆ, ಸಹಯೋಜನೆ ಬೇರೆ. ಸ್ಯಾಂಟಾ ಮೋನಿಕಾದಂತೆ ತನ್ನ ಪುರಸಭೆಯನ್ನು ಉಳಿಸಿಕೊಂಡೇ ಊರೊಂದು ನೆರೆಯ ನಗರದೊಂದಿಗೆ ವ್ಯವಹರಿಸಬಹುದು.

ಸದ್ಯಕ್ಕೆ ಮೂರು ಕೆಲಸಗಳು ಆಗಬೇಕು. ಮೊದಲನೆಯದಾಗಿ, ರೇಣುಕಾಸಾಗರದ ಪೂರ್ಣ ಮಟ್ಟದಿಂದ ನಿಗದಿತ ಅಂತರದವರೆಗಿನ ದಂಡೆಯನ್ನು ಕಟ್ಟಡಮುಕ್ತ ಸಾರ್ವಜನಿಕ ಪಟ್ಟಿಯೆಂದು ಸರ್ಕಾರ ಅಧಿಸೂಚಿಸಬೇಕು. ಎರಡನೆಯದಾಗಿ, ಅವಳಿ ನಗರ ಪಡೆಯುವ ನೀರಿನ ಕರದಲ್ಲಿ ಒಂದು ಪಾಲು ಸವದತ್ತಿಯ ಒಳಚರಂಡಿಗೆ ಮತ್ತು ರಾಮದುರ್ಗದ ನೆರೆ ರಕ್ಷಣೆಗೆ ಸಲ್ಲಬೇಕು. ಮೂರನೆಯದಾಗಿ, ಜಿಲ್ಲಾ ವಿಭಜನೆಯ ಕಡತ ಮತ್ತೆ ತೆರೆದಾಗ ಎಲ್ಲೆಯನ್ನು ಮಲಪ್ರಭೆಯ ಹರಿವನ್ನೂ ಜನರ ಓಡಾಟವನ್ನೂ ನೋಡಿ ಗುರುತಿಸಬೇಕು. ಇವುಗಳಲ್ಲಿ ಮೊದಲೆರಡಕ್ಕೆ ಜನಗಣತಿಯ ತಡೆಯಿಲ್ಲ. ಬೇಕಿರುವುದು ಸರ್ಕಾರದ ಮನಸ್ಸು, ಮತ್ತು ಅದನ್ನು ಒತ್ತಾಯಿಸಬಲ್ಲ ನಾಲ್ಕೂ ತಾಲ್ಲೂಕುಗಳ ಒಗ್ಗಟ್ಟು.